ಕೋವಿ ಒರೆಸುವವರು, ಗಾಳ ಹಾಕುವವರು: ಮಲೆನಾಡಿನ ಎರಡು ಹವ್ಯಾಸಗಳ ಬಗ್ಗೆ ತಿಳಿದಿರಬೇಕಾದ ಸಂಗತಿಗಳು

ಮಲೆನಾಡಿನಲ್ಲಿ, ಕೊಡಗಿನಲ್ಲಿ ಕೋವಿ ಇರುವ ಮನೆಗಳಲ್ಲಿ ಸಾಮಾನ್ಯವಾಗಿ ಒಂದು ಗಾಳದ ಕೋಲೂ ಇರುತ್ತದೆ. ಒಂದೇ ಕೋಣೆ, ಒಂದೇ ಮೂಲೆ, ಪಕ್ಕದಲ್ಲೇ ಎಣ್ಣೆ ಡಬ್ಬಿ, ಹಳೇ ಪಂಚೆ ಹರಿದ ಬಟ್ಟೆ. ಹೊರಗಿನವರಿಗೆ ಕೋವಿ ಅಂದ ತಕ್ಷಣ ಶಿಕಾರಿ ನೆನಪಾಗುತ್ತದೆ, ಇಲ್ಲವೇ ಯಾವುದೋ ಕ್ರೈಂ ಸುದ್ದಿ. ಆದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದು ಅರ್ಧ ಶತಮಾನ ದಾಟಿದೆ. ಶಿಕಾರಿ ಕಾನೂನಿನ ಪ್ರಕಾರ ಮುಗಿದ ಕಥೆ. ಹಾಗಾದರೆ ಲೈಸೆನ್ಸ್ ಇಟ್ಟುಕೊಂಡಿರುವ ಕೃಷಿಕ ಆ ಕೋವಿಯನ್ನು ಏನು ಮಾಡುತ್ತಾನೆ? ನಿಜ ಹೇಳಬೇಕೆಂದರೆ, ವರ್ಷದ ಬಹುಪಾಲು ಒರೆಸುತ್ತಾನೆ. ಮಂಗ, ಕಾಡುಹಂದಿ, ಆನೆ ತೋಟಕ್ಕೆ ಇಳಿದಾಗ ಆಕಾಶಕ್ಕೆ ಒಂದು ಈಡು. ಉಳಿದ ದಿನ ಬಿಚ್ಚು, ಉಜ್ಜು, ಎಣ್ಣೆ ಹಚ್ಚು, ಜೋಡಿಸು.

ಇದನ್ನೇ ನಾನು ಹವ್ಯಾಸ ಅನ್ನುವುದು. ನನ್ನ ಮನೆಯಲ್ಲಿರುವುದು ಅಜ್ಜನಿಂದ ಅಪ್ಪನಿಗೆ, ಅಪ್ಪನಿಂದ ನನಗೆ ಬಂದ ಜೋಡುನಳಿಗೆ, ಹನ್ನೆರಡು ಬೋರಿನದು. ಜೊತೆಗೆ ಎರಡು ಫಿಶಿಂಗ್ ರೀಲು. ಈ ಎರಡರ ಬಗ್ಗೆಯೂ ಕನ್ನಡದಲ್ಲಿ ಉಪಯೋಗಕ್ಕೆ ಬರುವ ಮಾಹಿತಿ ಒಂದೆಡೆ ಸಿಗುವುದಿಲ್ಲ. ಸಿಗುವುದೆಲ್ಲ ಯೂಟ್ಯೂಬಿನ ಅಮೆರಿಕನ್ ವಿಡಿಯೊಗಳು. ಅವುಗಳನ್ನು ನೋಡಿ ಇಲ್ಲಿ ಏನಾದರೂ ಮಾಡಲು ಹೋದರೆ ಒಂದೋ ಜೈಲು, ಇಲ್ಲ ಆಸ್ಪತ್ರೆ.

ಅಮೆರಿಕದ ಕಸ್ಟಮೈಸ್ ಬೇರೆ, ನಮ್ಮದು ಬೇರೆ

ಅಮೆರಿಕದಲ್ಲಿ ಎಆರ್-15 ಮಾದರಿಯ ರೈಫಲ್ ಇಟ್ಟುಕೊಂಡವನಿಗೆ ಅದು ಒಂದು ರೀತಿಯ ಮೆಕ್ಯಾನೊ ಸೆಟ್. ಅಲ್ಲಿನ ಫೆಡರಲ್ ಕಾನೂನಿನ ಲೆಕ್ಕದಲ್ಲಿ ನಂಬರ್ ಹೊತ್ತ ರಿಸೀವರ್ ಎಂಬ ಭಾಗವೇ 'ಬಂದೂಕು'. ನಳಿಗೆ, ಬಟ್ಟು, ಟ್ರಿಗರ್, ದುರ್ಬೀನು ಇವೆಲ್ಲ ಬಿಡಿಭಾಗಗಳು, ಬಹುತೇಕ ಕಡೆ ಅಂಚೆಯಲ್ಲಿ ತರಿಸಿಕೊಳ್ಳಬಹುದು. ಹಾಗಾಗಿ ಅಲ್ಲಿ ಶನಿವಾರ ಮಧ್ಯಾಹ್ನ ಗ್ಯಾರೇಜಿನಲ್ಲಿ ಕೂತು ರೈಫಲ್ ಜೋಡಿಸುವುದು, ಭಾನುವಾರ ಕೆರೆಗೆ ಮೀನು ಹಿಡಿಯಲು ಹೋಗುವುದು ಮಾಮೂಲಿ.

ನಮ್ಮ 1959ರ ಆಯುಧ ಕಾಯ್ದೆಯ ವ್ಯಾಖ್ಯಾನವೇ ಬೇರೆ. ಇಲ್ಲಿ ಆಯುಧದ ಭಾಗಗಳೂ ಆಯುಧವೇ. ತಯಾರಿ, ಮಾರಾಟದ ಜೊತೆಗೆ ಪರಿವರ್ತನೆ ಮತ್ತು ರಿಪೇರಿಗೂ ಲೈಸೆನ್ಸ್ ಬೇಕು ಎಂದು 5ನೇ ಸೆಕ್ಷನ್ ಹೇಳುತ್ತದೆ. ನಳಿಗೆ ಕತ್ತರಿಸಿ ಗಿಡ್ಡ ಮಾಡುವುದು, ಆಟಿಕೆ ಬಂದೂಕನ್ನು ನಿಜದ ಬಂದೂಕು ಮಾಡುವುದು 6ನೇ ಸೆಕ್ಷನ್ನಿನ ಕೆಳಗೆ ಬರುತ್ತದೆ. ಕೋವಿ ಮೇಲಿನ ನಂಬರ್ ಅಥವಾ ಗುರುತು ಅಳಿಸುವುದು 8ನೇ ಸೆಕ್ಷನ್. ಈ ಮೂರನ್ನು ನೆನಪಿಟ್ಟುಕೊಂಡರೆ ಸಾಕು. ಊರಿನ ವೆಲ್ಡಿಂಗ್ ಶಾಪಿಗೆ ಕೋವಿ ತೆಗೆದುಕೊಂಡು ಹೋಗಿ "ಇದೊಂದು ಸ್ವಲ್ಪ ನೋಡು ಮಾರಾಯ" ಅನ್ನುವ ಅಭ್ಯಾಸ ಇದೆಯಲ್ಲ, ಅದು ಆ ವೆಲ್ಡಿಂಗ್ ಹುಡುಗನನ್ನೂ ಕೇಸಿಗೆ ಎಳೆಯುವ ಕೆಲಸ.

2019ರ ತಿದ್ದುಪಡಿಯ ನಂತರ ಒಬ್ಬರು ಇಟ್ಟುಕೊಳ್ಳಬಹುದಾದ ಕೋವಿಗಳು ಮೂರರಿಂದ ಎರಡಕ್ಕೆ ಇಳಿದಿವೆ. ಹಿರಿಯರಿಂದ ಬಂದದ್ದೂ ಆ ಎರಡರ ಲೆಕ್ಕದಲ್ಲೇ ಸೇರುತ್ತದೆ. ಲೈಸೆನ್ಸ್ ಅವಧಿ ಮೂರು ವರ್ಷದಿಂದ ಐದಕ್ಕೆ ಏರಿತು. ಅದೇ ತಿದ್ದುಪಡಿಯಲ್ಲಿ ಮದುವೆ, ಮೆರವಣಿಗೆಗಳಲ್ಲಿ ಬೇಜವಾಬ್ದಾರಿಯಿಂದ ಗುಂಡು ಹಾರಿಸಿ ಇನ್ನೊಬ್ಬರ ಜೀವಕ್ಕೆ ಅಪಾಯ ತಂದರೆ ಎರಡು ವರ್ಷದವರೆಗೆ ಜೈಲು ಅಥವಾ 1 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಎಂಬ ನಿಯಮ ಬಂದಿದೆ. ಇದು ಬರಲೇಬೇಕಿತ್ತು ಅನ್ನುವವನು ನಾನು.

ಹಾಗಾದರೆ ನಮ್ಮಲ್ಲಿ ಕಸ್ಟಮೈಸ್ ಅಂದರೆ ಏನು ಉಳಿಯಿತು? ಮರದ ಕೆಲಸ. ಹೆಗಲಿಗೆ ಬರುವ ಬಟ್ಟಿನ ಉದ್ದ ಹೊಂದಿಸುವುದು, ಹಿಂದೊದೆತ ತಾಳಲು ರಬ್ಬರ್ ಪ್ಯಾಡು ಹಾಕಿಸುವುದು, ಬಿರುಕು ಬಿಟ್ಟ ಮರ ಬದಲಿಸುವುದು, ಬೆಲ್ಟಿನ ಕೊಕ್ಕೆ, ನಳಿಗೆ ತುದಿಯ ಗುರಿಮಣಿ, ಬಣ್ಣ ಹೋದ ಉಕ್ಕಿಗೆ ಮತ್ತೆ ಕಪ್ಪು ಕೊಡಿಸುವುದು. ಇದೂ ಲೈಸೆನ್ಸ್ ಇರುವ ರಿಪೇರಿಯವರ ಮೂಲಕವೇ ಆಗಬೇಕು. ಕೇಳಲು ಸಣ್ಣ ಕೆಲಸ. ಆದರೆ ಬಟ್ಟು ಅರ್ಧ ಇಂಚು ಉದ್ದವಿದ್ದರೆ ಕೋವಿ ಏರಿಸುವಾಗ ಕಂಕುಳಲ್ಲಿ ಸಿಕ್ಕಿಕೊಳ್ಳುತ್ತದೆ, ಅರ್ಧ ಇಂಚು ಗಿಡ್ಡವಿದ್ದರೆ ಹೆಬ್ಬೆರಳ ಗೆಣ್ಣು ಮೂಗಿಗೆ ಬಡಿಯುತ್ತದೆ. ಬರ್ಮಿಂಗ್‌ಹ್ಯಾಮಿನ ಗ್ರೀನರ್, ವೆಬ್ಲಿ ಅಂಡ್ ಸ್ಕಾಟ್ ಕೋವಿಗಳು ತೋಟದ ದೊರೆಗಳ ಕಾಲದಲ್ಲಿ ಇಲ್ಲಿಗೆ ಬಂದವು. ದೊರೆ ಆರಡಿ, ನಮ್ಮ ಅಜ್ಜ ಐದೂಕಾಲು ಅಡಿ. ಆ ಬಟ್ಟನ್ನು ಅಜ್ಜ ಹಾಗೇ ಬಳಸಿದರು, ಹೊಡೆದದ್ದೆಲ್ಲ ಮೇಲೆ ಹೋಯಿತು. ಕೋವಿಯನ್ನೇ ಬೈದರು ಪಾಪ.

ಬೀಟೆ ಮರದ ಬಟ್ಟು ಮಾಡಿಸಬೇಕು ಅನ್ನುವ ಆಸೆ ನಮ್ಮ ಕಡೆ ಬಹಳ. ನೋಡಲು ಚೆಂದವೇ. ಆದರೆ ಬೀಟೆ ಭಾರ. ಹಿಂಭಾಗ ತೂಕವಾದರೆ ಕೋವಿಯ ಸಮತೋಲ ಕೆಟ್ಟು ಮೂತಿ ಮೇಲೇಳುತ್ತದೆ. ಮೇಲಾಗಿ ಬೀಟೆ ಕಡಿಯಲು ಅರಣ್ಯ ಇಲಾಖೆ ಅನುಮತಿ ಬೇಕು, ನಿಮ್ಮದೇ ಜಮೀನಿನ ಮರವಾದರೂ. ಕೋವಿ ಮಾಡುವವರು ಲೋಕದೆಲ್ಲೆಡೆ ಅಕ್ರೋಟ್ ಮರವನ್ನೇ ಆರಿಸಿಕೊಂಡದ್ದು ಸುಮ್ಮನೆ ಅಲ್ಲ. ಹಗುರ, ಗಟ್ಟಿ, ಮಳೆ-ಬಿಸಿಲಿಗೆ ಹೆಚ್ಚು ತಿರುಚುವುದಿಲ್ಲ.

ಲೈಸೆನ್ಸ್ ಗೊಡವೆಯೇ ಬೇಡ ಅನ್ನುವವರಿಗೆ ಏರ್‌ಗನ್ ಇದೆ. 2016ರ ಆಯುಧ ನಿಯಮಗಳ ಪ್ರಕಾರ .177 ಬೋರಿನ, 20 ಜೂಲ್‌ಗಿಂತ ಕಡಿಮೆ ಶಕ್ತಿಯ ಏರ್‌ಗನ್ನಿಗೆ ಲೈಸೆನ್ಸ್ ಬೇಕಿಲ್ಲ. ಸ್ಪ್ರಿಂಗ್ ಬದಲಿಸಿ ಪವರ್ ಏರಿಸಿಕೊಡುತ್ತೇವೆ ಎಂದು ಕೆಲವರು ಹೇಳುತ್ತಾರೆ. ಆ 20 ಜೂಲ್ ಗೆರೆ ದಾಟಿದ ದಿನ ನಿಮ್ಮ ಆಟಿಕೆ ಕಾನೂನಿನ ಕಣ್ಣಲ್ಲಿ ಲೈಸೆನ್ಸ್ ಇಲ್ಲದ ಆಯುಧ. ಹಕ್ಕಿಗೆ ಹೊಡೆದರೆ ಅದು ಪ್ರತ್ಯೇಕ ಕೇಸು.

ಹಳೇ ಕೋವಿ ಕೈಗೆ ಬಂದಾಗ ಮೊದಲು ನೋಡಬೇಕಾದದ್ದು

ಅನುವಂಶೀಯವಾಗಿ ಕೋವಿ ಬಂದವರು ಸಾಮಾನ್ಯವಾಗಿ ಹೊರಗಿನ ಬೆಳ್ಳಿ ಕೆತ್ತನೆ ನೋಡಿ ಖುಷಿಪಡುತ್ತಾರೆ. ನೋಡಬೇಕಾದದ್ದು ನಳಿಗೆಯ ಅಡಿ. ಕೋವಿ ಬಿಚ್ಚಿ ನಳಿಗೆ ಮಗುಚಿದರೆ ತೋಟಾ ಕೂರುವ ಭಾಗದ ಕೆಳಗೆ ಸಣ್ಣ ಸಣ್ಣ ಮುದ್ರೆಗಳಿರುತ್ತವೆ. ಅವು ಲಂಡನ್ ಅಥವಾ ಬರ್ಮಿಂಗ್‌ಹ್ಯಾಮ್ ಪ್ರೂಫ್ ಹೌಸಿನ ಗುರುತು. ಅಲ್ಲಿ ಮಾಮೂಲಿಗಿಂತ ಹೆಚ್ಚು ಒತ್ತಡದಲ್ಲಿ ಹೊಡೆದು ನಳಿಗೆ ತಡೆಯಿತು ಎಂಬುದಕ್ಕೆ ಸಾಕ್ಷಿ. ಅದರಲ್ಲಿ 'ನೈಟ್ರೋ ಪ್ರೂಫ್' ಎಂದು ಇದೆಯಾ ಇಲ್ಲವಾ ಎನ್ನುವುದು ಜೀವದ ಪ್ರಶ್ನೆ. ಇಲ್ಲದಿದ್ದರೆ ಆ ನಳಿಗೆ ಕರಿಮದ್ದಿನ ಕಾಲದ್ದು. ಈಗಿನ ತೋಟಾಗಳಲ್ಲಿರುವುದು ಹೊಗೆರಹಿತ ಮದ್ದು, ಅದರ ಒತ್ತಡದ ರೀತಿಯೇ ಬೇರೆ.

ನಳಿಗೆ ಮೇಲೆ ಹಾವಿನ ಚರ್ಮದ ಹಾಗೆ, ನೀರಿನ ಅಲೆಯ ಹಾಗೆ ಚಿತ್ತಾರ ಕಂಡರೆ ಅದು ಡಮಾಸ್ಕಸ್ ನಳಿಗೆ. ಕಬ್ಬಿಣ ಮತ್ತು ಉಕ್ಕಿನ ಪಟ್ಟಿಗಳನ್ನು ತಿರುಚಿ, ಸುತ್ತಿ, ಬಡಿದು ಬೆಸೆದು ಮಾಡಿದ್ದು. ಗೋಡೆಗೆ ಹಾಕಲು ಅದ್ಭುತ. ಆದರೆ ಬೆಸುಗೆಯ ಸಂದಿನಲ್ಲಿ ನೂರು ವರ್ಷದ ತುಕ್ಕು ಒಳಗೊಳಗೇ ಏನು ಮಾಡಿದೆ ಎಂದು ಹೊರಗಿನಿಂದ ಹೇಳುವುದು ಸಾಧ್ಯವಿಲ್ಲ. ನಾನಾದರೆ ಅಂಥ ಕೋವಿಯಲ್ಲಿ ಈಗಿನ ತೋಟಾ ಹಾಕುವುದಿಲ್ಲ, ಹಾಕುವವರ ಪಕ್ಕದಲ್ಲಿ ನಿಲ್ಲುವುದೂ ಇಲ್ಲ.

ಎರಡನೆಯದು ತೋಟಾದ ಉದ್ದ. ಹನ್ನೆರಡು ಬೋರು ಅಂದರೆ ಒಂದು ಪೌಂಡ್ ಸೀಸದಲ್ಲಿ ಹನ್ನೆರಡು ಸಮಾನ ಗುಂಡು ಮಾಡಿದರೆ ಒಂದೊಂದು ಎಷ್ಟು ದಪ್ಪವೋ ಅಷ್ಟು ಅಗಲದ ನಳಿಗೆ, ಸುಮಾರು 18.5 ಮಿ.ಮೀ. ಬೋರು ಒಂದೇ ಆದರೂ ತೋಟಾ ಕೂರುವ ಕೋಣೆಯ ಉದ್ದ ಒಂದೇ ಅಲ್ಲ. ಹಳೇ ಇಂಗ್ಲಿಷ್ ಕೋವಿಗಳಲ್ಲಿ ಅದು ಬಹಳ ಸಲ ಎರಡೂವರೆ ಇಂಚು, ಅಂದರೆ 65 ಮಿ.ಮೀ. ಈಗ ಸಾಮಾನ್ಯವಾಗಿ ಸಿಗುವ ತೋಟಾ 70 ಮಿ.ಮೀ. ಮೋಸ ಇರುವುದು ಇಲ್ಲೇ: ತೋಟಾದ ಮೇಲೆ ಬರೆದಿರುವ ಅಳತೆ ಹೊಡೆದು ಬಾಯಿ ಬಿಚ್ಚಿಕೊಂಡ ಮೇಲಿನದು. ಹೊಡೆಯುವ ಮೊದಲು ಬಾಯಿ ಮಡಚಿರುವುದರಿಂದ ಅದು ಚಿಕ್ಕದಾಗಿರುತ್ತದೆ, ಸಲೀಸಾಗಿ ಒಳಗೆ ಹೋಗುತ್ತದೆ, ಕೋವಿ ಸಲೀಸಾಗಿ ಮುಚ್ಚುತ್ತದೆ. ಹೊಡೆದಾಗ ಬಾಯಿ ಬಿಚ್ಚಲು ಜಾಗ ಸಾಲದೆ ಒತ್ತಡ ಏರುತ್ತದೆ. "ಹೋಗುತ್ತಲ್ಲ ಸಾರ್, ಮತ್ತೇನು?" ಎಂದು ಕೇಳುವವರಿಗೆ ಉತ್ತರ ಇದು.

ಕೇಪಿನ ಕೋವಿ, ಅಂದರೆ ಮೂತಿಯಿಂದ ಮದ್ದು, ಚರೆ ತುಂಬಿ ಗಜದಲ್ಲಿ ಜಡಿಯುವ ಒಂಟಿ ನಳಿಗೆ ಇನ್ನೂ ಅನೇಕ ಮನೆಗಳಲ್ಲಿ ಇದೆ. ಅದರ ದೊಡ್ಡ ಅಪಾಯ ತುಂಬಿದೆಯಾ ಇಲ್ಲವಾ ಎಂದು ತೆರೆದು ನೋಡಲು ಆಗದಿರುವುದು. ಹಳಬರು ಒಂದು ಉಪಾಯ ಮಾಡುತ್ತಿದ್ದರು. ಖಾಲಿ ಇರುವಾಗ ಗಜ ಪೂರ್ತಿ ಇಳಿಸಿ, ಮೂತಿಯ ಮಟ್ಟಕ್ಕೆ ಗಜದ ಮೇಲೆ ಒಂದು ಗೀರು. ಆಮೇಲೆ ಯಾವಾಗ ಇಳಿಸಿದರೂ ಗೀರು ಮೂತಿಗಿಂತ ಮೇಲೆ ನಿಂತರೆ ಒಳಗೆ ಏನೋ ಇದೆ ಎಂದರ್ಥ. ಒಂದು ಪೈಸೆ ಖರ್ಚಿಲ್ಲದ ಈ ಗೀರು ಎಷ್ಟೋ ಜೀವ ಉಳಿಸಬಲ್ಲದು.

ಒರೆಸುವ ಕ್ರಮ

ಮಲೆನಾಡಿನ ಕೋವಿಯ ನಿಜವಾದ ಶತ್ರು ಗಾಳಿಯಲ್ಲಿರುವ ನೀರು. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ ಏಳು ಸಾವಿರ ಮಿ.ಮೀ. ಮೀರಿ ಮಳೆ. ಜುಲೈಯಲ್ಲಿ ಚಪ್ಪಲಿಗೆ ಬೂಷ್ಟು ಬರುವ ಊರಿನಲ್ಲಿ ಉಕ್ಕು ಸುಮ್ಮನಿರುತ್ತದಾ?

ಮೊದಲ ಕೆಲಸ ಎಲ್ಲರಿಗೂ ಗೊತ್ತು, ಆದರೂ ಎಲ್ಲರೂ ಮಾಡುವುದಿಲ್ಲ. ಕೋವಿ ಮುರಿದು ಎರಡೂ ನಳಿಗೆ ಖಾಲಿ ಎಂದು ಕಣ್ಣಿಂದ ನೋಡಿ, ಬೆರಳು ಹಾಕಿಯೂ ನೋಡಿ, ತೋಟಾ ಬೇರೆ ಕೋಣೆಯಲ್ಲಿಟ್ಟು ಬರಬೇಕು. ಒರೆಸುವಾಗ ಸಿಡಿದು ಸತ್ತ ಸುದ್ದಿ ಇವತ್ತಿಗೂ ಪೇಪರಿನಲ್ಲಿ ಬರುತ್ತದೆ, ಪ್ರತಿ ಸಲ ಅದೇ ವಾಕ್ಯ: "ಖಾಲಿ ಇದೆ ಎಂದು ಭಾವಿಸಿ."

ನಂತರ ನಳಿಗೆಗೆ ಗಜ. ಯಾವಾಗಲೂ ತೋಟಾ ಹಾಕುವ ಕಡೆಯಿಂದ ಮೂತಿ ಕಡೆಗೆ. ಒಣಬಟ್ಟೆ, ಆಮೇಲೆ ಕಂಚಿನ ಬ್ರಷ್ಷು, ಮತ್ತೆ ಬಟ್ಟೆ, ಬಟ್ಟೆ ಬಿಳಿಯಾಗಿ ಹೊರಬರುವ ತನಕ. ನಳಿಗೆಯನ್ನು ಬೆಳಕಿಗೆ ಹಿಡಿದರೆ ಒಳಗೆ ಉಂಗುರ ಉಂಗುರವಾಗಿ ಹೊಳೆಯಬೇಕು. ಒಂದು ಉಂಗುರ ಎಲ್ಲಾದರೂ ಮುರಿದು ಕಂಡರೆ ಅಲ್ಲಿ ತಗ್ಗು ಅಥವಾ ಉಬ್ಬು ಇದೆ. ಆ ಕೋವಿ ರಿಪೇರಿಯವರ ಬಳಿ ಹೋಗಬೇಕು. ಕೊನೆಗೆ ತೆಳುವಾಗಿ ಗನ್ ಆಯಿಲ್. ಎಷ್ಟು ತೆಳು ಅಂದರೆ, ಬೆರಳಿಗೆ ಜಿಡ್ಡು ಗೊತ್ತಾಗಬೇಕು, ಕಣ್ಣಿಗೆ ಕಾಣಬಾರದು.

ಕರಿಮದ್ದಿನ ಕೋವಿಗೆ ಮಾತ್ರ ಕ್ರಮ ಬೇರೆ. ಅದರ ಮಸಿಯಲ್ಲಿ ಉಳಿಯುವ ಲವಣಗಳು ಗಾಳಿಯ ತೇವ ಹೀರಿಕೊಂಡು ರಾತ್ರಿ ಬೆಳಗಾಗುವುದರೊಳಗೆ ಉಕ್ಕು ತಿನ್ನಲು ಶುರು ಮಾಡುತ್ತವೆ. ಎಣ್ಣೆಗೆ ಆ ಲವಣ ಕರಗುವುದಿಲ್ಲ. ಬಿಸಿನೀರು ಬೇಕು. ನೀರು ಕಂಡರೆ ತುಕ್ಕು ಎಂದು ಹೆದರಿ ಬರೀ ಎಣ್ಣೆ ಸುರಿಯುವವರು ಲವಣವನ್ನು ಎಣ್ಣೆ ಕೆಳಗೆ ಬೆಚ್ಚಗೆ ಮುಚ್ಚಿಡುತ್ತಾರೆ ಅಷ್ಟೇ. ಕುದಿನೀರು ಹೊಯ್ದು, ಬಿಸಿ ಆರುವ ಮೊದಲು ಒಣಗಿಸಿ, ಆಮೇಲೆ ಎಣ್ಣೆ.

ಕೊಬ್ಬರಿ ಎಣ್ಣೆ ಬೇಡ. ಇದನ್ನು ಹೇಳಿದರೆ ಹಿರಿಯರಿಗೆ ಕೋಪ ಬರುತ್ತದೆ, ಅವರು ಜೀವನಪೂರ್ತಿ ಹಚ್ಚಿದ್ದು ಅದನ್ನೇ. ಅದು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ನಮ್ಮ ಡಿಸೆಂಬರಿನ ಬೆಳಗು ಎಷ್ಟು ತಣ್ಣಗಿರುತ್ತದೆ ಗೊತ್ತಲ್ಲ. ಒಳಗಿನ ಸ್ಪ್ರಿಂಗು, ಕುದುರೆ ಎಲ್ಲ ಮೇಣದಲ್ಲಿ ಅದ್ದಿದ ಹಾಗೆ ನಿಧಾನವಾಗುತ್ತವೆ. ವರ್ಷಗಟ್ಟಲೆ ಬಿಟ್ಟರೆ ಅಂಟಾಗಿ ಧೂಳು ಹಿಡಿಯುತ್ತದೆ. ಸೀಮೆಎಣ್ಣೆ ಕೊಳೆ ತೆಗೆಯಲು ಚೆನ್ನ, ಕಾಪಾಡಲು ಅಲ್ಲ; ಅದು ಹಾರಿಹೋದ ಮೇಲೆ ಉಕ್ಕು ಬತ್ತಲೆ. ಡಬ್ಲ್ಯೂಡಿ-40 ಕೂಡ ಮೂಲತಃ ನೀರು ಹೊರಹಾಕಲು ಮಾಡಿದ್ದು. ಮಳೆಯಲ್ಲಿ ನೆನೆದ ಕೋವಿಗೆ ಒಳ್ಳೆಯದು, ಅದರ ಮೇಲೆ ಗನ್ ಆಯಿಲ್ ಬೇಕೇ ಬೇಕು.

ಇನ್ನು ಇಡುವ ಜಾಗ. ಚರ್ಮದ ಚೀಲದಲ್ಲಿ, ಉಣ್ಣೆ ಲೈನಿಂಗ್ ಇರುವ ಕವರಿನಲ್ಲಿ ಮಳೆಗಾಲ ಪೂರ್ತಿ ಇಡುವುದು ಒದ್ದೆಬಟ್ಟೆ ಸುತ್ತಿಟ್ಟ ಹಾಗೆ. ಬೀಗ ಇರುವ ಮರದ ಅಥವಾ ಕಬ್ಬಿಣದ ಕಪಾಟು, ಒಳಗೆ ಸಿಲಿಕಾ ಜೆಲ್, ತಿಂಗಳಿಗೊಮ್ಮೆ ಆ ಜೆಲ್ ಬಾಣಲೆಯಲ್ಲಿ ಹುರಿದು ಮತ್ತೆ ಇಡುವುದು. ಎಣ್ಣೆ ಹಚ್ಚಿದ ಮೊದಲ ಎರಡು ದಿನ ಮೂತಿ ಕೆಳಗೆ ಮಾಡಿ ನಿಲ್ಲಿಸಿ. ಇಲ್ಲದಿದ್ದರೆ ಹೆಚ್ಚಾದ ಎಣ್ಣೆ ಇಳಿದು ಇಳಿದು ಬಟ್ಟಿನ ಮರಕ್ಕೆ ಸೇರಿ, ಮರ ಮೆತ್ತಗಾಗುತ್ತದೆ. ಹಳೇ ಕೋವಿಗಳ ಬಟ್ಟು ಕಬ್ಬಿಣ ಸೇರುವಲ್ಲಿ ಕಪ್ಪಾಗಿ ಬಿರುಕು ಬಿಟ್ಟಿರುವುದು ಇದರಿಂದಲೇ. ನಮ್ಮ ಅಜ್ಜ ಕೋವಿಯನ್ನು ಅಡುಗೆಮನೆಯ ಒಲೆ ಗೋಡೆಯ ಆಚೆ ಬದಿಗೆ ನೇತುಹಾಕುತ್ತಿದ್ದರು. ಆ ಗೋಡೆ ಮಳೆಗಾಲದಲ್ಲೂ ಬೆಚ್ಚಗೆ. ಸೌದೆ ಒಲೆ ಹೋಗಿ ಗ್ಯಾಸ್ ಬಂತು, ಒಲೆ ಗೋಡೆಯೂ ತಣ್ಣಗಾಯಿತು.

ಠಾಣೆಯಲ್ಲಿ ಮಲಗುವ ಕೋವಿ

ಈಗ ಅಸಲಿ ಸಮಸ್ಯೆಗೆ ಬರುತ್ತೇನೆ. ಇಷ್ಟೆಲ್ಲ ಮಾಡಿ ಕಾಪಾಡಿದ ಕೋವಿ ಚುನಾವಣೆ ಘೋಷಣೆ ಆದ ಕೂಡಲೇ ಪೊಲೀಸ್ ಠಾಣೆಗೆ ಹೋಗಬೇಕು. ವಿಧಾನಸಭೆ, ಲೋಕಸಭೆ, ನಡುವೆ ಇನ್ನೊಂದು. 2023ರ ಮೇನಲ್ಲಿ ಒಂದು, 2024ರ ಏಪ್ರಿಲ್-ಮೇನಲ್ಲಿ ಇನ್ನೊಂದು. 2024ರ ಮತ ಎಣಿಕೆ ಮುಗಿದದ್ದು ಜೂನ್ 4ಕ್ಕೆ. ಆ ಹೊತ್ತಿಗೆ ಮುಂಗಾರು ಬಾಗಿಲಲ್ಲಿ. ಬೇಸಿಗೆಯಲ್ಲಿ ಹಲಸು ಹಣ್ಣಾಗಿ ಆನೆ, ಹಂದಿ, ಮಂಗ ತೋಟಕ್ಕೆ ನುಗ್ಗುವ ತಿಂಗಳುಗಳಲ್ಲೇ ಕೋವಿ ಮನೆಯಲ್ಲಿ ಇರುವುದಿಲ್ಲ.

ಚುನಾವಣಾ ಆಯೋಗದ ಸೂಚನೆ ಎಲ್ಲರ ಕೋವಿಯನ್ನೂ ಕಣ್ಣುಮುಚ್ಚಿ ತೆಗೆದುಕೊಳ್ಳಿ ಎಂದಲ್ಲ. ಜಿಲ್ಲಾ ಮಟ್ಟದ ಪರಿಶೀಲನಾ ಸಮಿತಿ ಕೂತು, ಜಾಮೀನಿನ ಮೇಲೆ ಇರುವವರು, ಕ್ರಿಮಿನಲ್ ಹಿನ್ನೆಲೆಯವರು, ಹಿಂದೆ ಗಲಭೆಯಲ್ಲಿ ಭಾಗಿಯಾದವರು ಇಂಥವರನ್ನು ಗುರುತಿಸಿ ಅವರಿಂದ ಪಡೆಯಬೇಕು ಎಂಬುದು ಅದರ ಸಾರ. ಆಚರಣೆಯಲ್ಲಿ ಆಗುವುದು ಊರಿಗೆಲ್ಲ ಒಂದೇ ಫೋನ್ ಕರೆ: "ಕೋವಿ ತಂದು ಕೊಡಿ." ವಿನಾಯಿತಿ ಬೇಕಿದ್ದರೆ ಅರ್ಜಿ ಹಾಕಿ, ಅಲೆಯಿರಿ.

ಕೊಟ್ಟದ್ದಕ್ಕೆ ನನ್ನ ವಿರೋಧ ಇಲ್ಲ, ಇಟ್ಟ ರೀತಿಗೆ ಇದೆ. ಒಂದು ಸಲ ನನ್ನ ಕೋವಿ ವಾಪಸ್ ಬಂದಾಗ ನಳಿಗೆ ಮೇಲೆ ಕೇಸರಿ ಹುಡಿ, ಬಟ್ಟಿನ ಅಂಚು ಜಜ್ಜಿತ್ತು. ನೂರಾರು ಕೋವಿ ಒಂದರ ಮೇಲೊಂದು, ಮೇಲೆ ಟಾರ್ಪಾಲು, ಗೋಡೆಯಲ್ಲಿ ಸೋರಿಕೆ. ಠಾಣೆಯವರನ್ನು ಬೈದು ಪ್ರಯೋಜನ ಇಲ್ಲ, ಅವರಿಗೆ ಕೊಟ್ಟಿರುವ ಕೋಣೆಯೇ ಅಷ್ಟು. ಆದರೆ ಸರ್ಕಾರ ನಾಗರಿಕನ ಸ್ವತ್ತನ್ನು ವಶಕ್ಕೆ ತೆಗೆದುಕೊಂಡ ಮೇಲೆ ಅದನ್ನು ಕೊಟ್ಟಂತೆಯೇ ಹಿಂತಿರುಗಿಸುವುದು ಕನಿಷ್ಠ ಜವಾಬ್ದಾರಿ. ತುಕ್ಕು ಹಿಡಿದ ನಳಿಗೆ ಹೊಡೆಯುವವನ ಕಣ್ಣಿಗೇ ಅಪಾಯ.

ಹಾಗಾಗಿ ನಾನು ಅನುಸರಿಸುವ ಕ್ರಮ: ಕೊಡುವ ಮೊದಲು ಎಲ್ಲ ಕಡೆಯಿಂದ ಫೋಟೊ, ನಂಬರ್ ಕಾಣುವ ಹಾಗೆ. ರಶೀದಿಯಲ್ಲಿ ನಂಬರ್ ಜೊತೆಗೆ ಸ್ಥಿತಿಯನ್ನೂ ಬರೆಸಿಕೊಳ್ಳುವುದು. ಮಾಮೂಲಿ ಎಣ್ಣೆ ಬದಲು ಗ್ರೀಸ್ ದಪ್ಪಗೆ ಹಚ್ಚಿ, ಮೇಲೆ ಎಣ್ಣೆ ಕಾಗದ ಸುತ್ತಿ ಕೊಡುವುದು. ವಾಪಸ್ ಬಂದ ದಿನ ನಳಿಗೆಯೊಳಗಿನ ಗ್ರೀಸ್ ಪೂರ್ತಿ ತೆಗೆಯದೆ ತೋಟಾ ಮುಟ್ಟುವುದಿಲ್ಲ. ನಳಿಗೆಯಲ್ಲಿ ಗ್ರೀಸಿನ ಗಡ್ಡೆ, ಕಣಜದ ಮಣ್ಣುಗೂಡು, ಬಟ್ಟೆ ತುಂಡು ಏನಿದ್ದರೂ ನಳಿಗೆ ಒಡೆಯಲು ಸಾಕು. ದುಡ್ಡು ಕೊಡಲು ತಯಾರಿದ್ದರೆ ಠಾಣೆ ಬದಲು ಲೈಸೆನ್ಸ್ ಇರುವ ಕೋವಿ ಅಂಗಡಿಯಲ್ಲೂ ಠೇವಣಿ ಇಡಬಹುದು. ಸಮಸ್ಯೆ ಏನೆಂದರೆ ಆ ಅಂಗಡಿಗಳೇ ಕಮ್ಮಿಯಾಗುತ್ತಿವೆ, ಅದಕ್ಕಿಂತ ವೇಗವಾಗಿ ರಿಪೇರಿಯವರು. ನನಗೆ ಗೊತ್ತಿರುವ ಒಬ್ಬ ಹಿರಿಯ ಕುಶಲಕರ್ಮಿ ಕಣ್ಣು ಮಂಜಾದ ಮೇಲೆ ಕೆಲಸ ಬಿಟ್ಟರು. ಮಗ ಬೆಂಗಳೂರಿನಲ್ಲಿ ಮೊಬೈಲ್ ರಿಪೇರಿ. "ಸ್ವಾಮಿ, ಲೈಸೆನ್ಸ್ ರಿನ್ಯೂವಲ್‌ಗೆ ಓಡಾಡೋ ದಿನದಲ್ಲಿ ಅವನು ಹತ್ತು ಫೋನ್ ರಿಪೇರಿ ಮಾಡ್ತಾನೆ" ಅಂದರು. ಲೈಸೆನ್ಸಿನ ಕುಶಲಕರ್ಮಿ ಇಲ್ಲವಾದರೆ ಜನ ವೆಲ್ಡಿಂಗ್ ಶಾಪಿಗೇ ಹೋಗುತ್ತಾರೆ. ಗೃಹ ಇಲಾಖೆಗೆ ಇದು ಅರ್ಥವಾದ ಹಾಗೆ ಕಾಣುವುದಿಲ್ಲ.

ಕೊಡಗಿನ ಮಾತು

ಕೊಡಗಿನಲ್ಲಿ ಲೆಕ್ಕ ಬೇರೆ. ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಬ್ರಿಟಿಷರ ಕಾಲದಿಂದಲೂ ಲೈಸೆನ್ಸಿನಿಂದ ವಿನಾಯಿತಿ ಇದೆ. 2019ರ ಅಕ್ಟೋಬರಿನಲ್ಲಿ ಕೇಂದ್ರ ಗೃಹ ಸಚಿವಾಲಯ ಅದನ್ನು 2029ರ ಅಕ್ಟೋಬರ್ 31ರವರೆಗೆ ವಿಸ್ತರಿಸಿತು. ಇದು ಸಮಾನತೆಗೆ ವಿರುದ್ಧ ಎಂಬ ಅರ್ಜಿಯನ್ನು ಕರ್ನಾಟಕ ಹೈಕೋರ್ಟ್ 2021ರ ಸೆಪ್ಟೆಂಬರಿನಲ್ಲಿ ತಳ್ಳಿಹಾಕಿ ವಿನಾಯಿತಿ ಎತ್ತಿಹಿಡಿಯಿತು. 2029 ಹತ್ತಿರವಾದಂತೆ ಚರ್ಚೆ ಮತ್ತೆ ಏಳುತ್ತದೆ, ಸಂಶಯವೇ ಬೇಡ.

ನನಗೆ ಕೊಡಗಿನಿಂದ ಕಲಿಯಬೇಕು ಅನ್ನಿಸುವುದು ವಿನಾಯಿತಿಗಿಂತ ಹೆಚ್ಚಾಗಿ ಕೈಲ್‌ಪೊಳ್ದ್. ನಾಟಿ ಕೆಲಸದ ದಿನಗಳಲ್ಲಿ ಆಯುಧಗಳನ್ನು ಕನ್ನಿಕೊಂಬರೆಯಲ್ಲಿ ಇಟ್ಟುಬಿಡುತ್ತಿದ್ದರು. ಸೆಪ್ಟೆಂಬರ್ ಮೊದಲ ವಾರ, ನಾಟಿ ಮುಗಿದ ಮೇಲೆ ಹೊರತೆಗೆದು, ತೊಳೆದು, ಒರೆಸಿ, ತೋಕ್ ಪೂ ಅಂದರೆ ಕೋವಿ ಹೂ ಸಿಕ್ಕಿಸಿ ಪೂಜೆ. ನಮ್ಮ ಕಡೆ ಅದೇ ಹೂವನ್ನು ಗೌರಿ ಹೂ ಅನ್ನುತ್ತೇವೆ. ಊಟಕ್ಕೆ ಕಡುಂಬುಟ್ಟು, ಪಂದಿ ಕರಿ. ಆಮೇಲೆ ಮರದ ತುದಿಗೆ ಕಟ್ಟಿದ ತೆಂಗಿನಕಾಯಿಗೆ ಗುಂಡು, ಅದರಲ್ಲಿ ಹೆಣ್ಣುಮಕ್ಕಳೂ ಹೆಗಲು ಕೊಡುತ್ತಾರೆ. ಮಳೆಗಾಲದ ತುಕ್ಕು ಹಿಡಿಯುವ ಹೊತ್ತಿಗೆ ಸರಿಯಾಗಿ ವಾರ್ಷಿಕ ಸರ್ವಿಸಿಂಗ್ ಮಾಡಿಸುವ ಹಬ್ಬ ಇದು. ಯಾವ ಇಲಾಖೆಯೂ ಇಷ್ಟು ಚೆನ್ನಾಗಿ ಯೋಜನೆ ಹಾಕಲಾರದು.

ಇದರ ಪಕ್ಕದಲ್ಲೇ ಇನ್ನೊಂದು ಸತ್ಯವೂ ಇದೆ. ಹಂದಿ ಎಂದು ತಿಳಿದು ಜೊತೆಗಾರನಿಗೇ ಹೊಡೆದ ಪ್ರಕರಣ, ಬೇಲಿ ದಾಟುವಾಗ ಸಿಡಿದದ್ದು, ತೋಟದ ದಾರಿಯಲ್ಲಿ ಕಟ್ಟಿಟ್ಟ ಕೋವಿಗೆ ಕೂಲಿಯಾಳು ಬಲಿಯಾದದ್ದು, ಕುಡಿದ ಜಗಳದಲ್ಲಿ ಗೋಡೆಯ ಕೋವಿ ಕೈಗೆ ಬಂದದ್ದು: ಕೊಡಗು, ಚಿಕ್ಕಮಗಳೂರು, ಹಾಸನ, ಶಿವಮೊಗ್ಗ ಎಲ್ಲೂ ಇದಕ್ಕೆ ಹೊರತಲ್ಲ. ಕೋವಿ ಕಟ್ಟಿಡುವುದನ್ನು ಬೆಳೆ ರಕ್ಷಣೆ ಎಂದು ಸಮರ್ಥಿಸುವವರ ಜೊತೆ ನನಗೆ ಮಾತೇ ಇಲ್ಲ. ತಂತಿ ಎಡವುವುದು ಹಂದಿಯೋ ಶಾಲೆಗೆ ಹೋಗುವ ಮಗುವೋ ಕೋವಿಗೆ ಹೇಗೆ ಗೊತ್ತಾಗಬೇಕು?

ಗಾಳದ ಕಡೆಗೆ

ಕೋವಿಯವರು ಗಾಳಕ್ಕೆ ಬರುವುದು ಹೊಸದಲ್ಲ. ಜಿಮ್ ಕಾರ್ಬೆಟ್ 1944ರ 'ಮ್ಯಾನ್‌ಈಟರ್ಸ್ ಆಫ್ ಕುಮಾವೂನ್' ಪುಸ್ತಕದಲ್ಲಿ ಹುಲಿಗಳ ನಡುವೆ ಒಂದು ಅಧ್ಯಾಯವನ್ನು ಪೂರ್ತಿ ಮಹಶೀರ್ ಮೀನಿಗೆ ಕೊಟ್ಟಿದ್ದಾನೆ. ಕಾರ್ಬೆಟ್, ಆಂಡರ್ಸನ್ ಇಬ್ಬರನ್ನೂ ಕನ್ನಡಕ್ಕೆ ತಂದ ನಮ್ಮ ಪೂರ್ಣಚಂದ್ರ ತೇಜಸ್ವಿ ಮೂಡಿಗೆರೆಯಲ್ಲಿ ಗಾಳ ಹಿಡಿದು ಹೊಳೆ ದಂಡೆಯಲ್ಲಿ ಕೂರುತ್ತಿದ್ದುದು ಎಲ್ಲರಿಗೂ ಗೊತ್ತು.

ಮೈಸೂರಿನ ಟ್ಯಾಕ್ಸಿಡರ್ಮಿ ಕುಟುಂಬದ ಡಿ ವೆಟ್ ವ್ಯಾನ್ ಇಂಗೆನ್ 1946ರಲ್ಲಿ ಕಬಿನಿಯಲ್ಲಿ ಹಿಡಿದ ಮಹಶೀರ್ 120 ಪೌಂಡ್, ಅಂದರೆ 54 ಕೆ.ಜಿ. ಗಾಳದಲ್ಲಿ ಸಿಕ್ಕ ಮಹಶೀರ್‌ಗಳಲ್ಲಿ ಅದೇ ದಾಖಲೆ. ಆ ದೈತ್ಯ ಮೀನು ಕಾವೇರಿ ಕಣಿವೆಯದ್ದೇ, ಡುಬ್ಬದ ಬೆನ್ನು, ಕಿತ್ತಳೆ ಕೆಂಪು ರೆಕ್ಕೆ. ಲೋಕಪ್ರಸಿದ್ಧವಾಗಿದ್ದರೂ ಅದಕ್ಕೆ ಸರಿಯಾದ ವೈಜ್ಞಾನಿಕ ಹೆಸರು ಖಚಿತವಾದದ್ದು 2018ರಲ್ಲಿ: ಟಾರ್ ರೆಮಾದೇವಿ. ಅದೇ ವರ್ಷ ಅದು ತೀವ್ರ ಅಳಿವಿನಂಚಿನ ಪಟ್ಟಿಗೂ ಸೇರಿತು. ಹೆಸರೂ ವಿದಾಯಪತ್ರವೂ ಒಟ್ಟಿಗೆ ಬಂದಂತೆ.

ಕಾರಣಗಳಲ್ಲಿ ಅಣೆಕಟ್ಟು, ಮರಳು, ಡೈನಮೈಟ್ ಎಲ್ಲ ಇವೆ. ಆದರೆ ಒಂದು ಕಾರಣ ವಿಚಿತ್ರ. ಮಹಶೀರ್ ಉಳಿಸಬೇಕು ಎಂಬ ಒಳ್ಳೇ ಉದ್ದೇಶದಿಂದಲೇ ಲೋನಾವಳದ ಮರಿ ಉತ್ಪಾದನಾ ಕೇಂದ್ರದಲ್ಲಿ ಬೆಳೆಸಿದ ನೀಲಿ ರೆಕ್ಕೆಯ ಮಹಶೀರ್, ಟಾರ್ ಖುದ್ರಿ, ಮರಿಗಳನ್ನು ತಂದು ಕಾವೇರಿಗೆ ಬಿಡಲಾಯಿತು. ಅದು ಚೆನ್ನಾಗಿ ಹೆಚ್ಚಿತು, ಮೂಲ ನಿವಾಸಿ ಕಿತ್ತಳೆ ರೆಕ್ಕೆಯದು ಮೂಲೆಗೆ ಸರಿಯಿತು. ಭೀಮೇಶ್ವರಿ, ಗಾಲಿಬೋರೆ, ದೊಡ್ಡಮಾಕಳಿ ಕ್ಯಾಂಪುಗಳಲ್ಲಿ ರಾಗಿ ಮುದ್ದೆ ಉಂಡೆ ಕಟ್ಟಿ ಮೀನು ಹಿಡಿದು, ತೂಕ ಬರೆದು, ಮತ್ತೆ ನೀರಿಗೆ ಬಿಡುತ್ತಿದ್ದ ಕಾಲದ ದಾಖಲೆಗಳಿಂದಲೇ ಈ ಬದಲಾವಣೆ ಗೊತ್ತಾದದ್ದು. ವನ್ಯಧಾಮದೊಳಗೆ ಗಾಳವೂ ಬೇಟೆಯೇ ಎಂದು ಆಮೇಲೆ ಅದನ್ನು ನಿಲ್ಲಿಸಲಾಯಿತು. ಕಾನೂನಿನ ತರ್ಕ ಒಪ್ಪುತ್ತೇನೆ. ಆದರೆ ದಂಡೆಯಲ್ಲಿ ಗಾಳ ಹಿಡಿದು ಕೂತವನು ಡೈನಮೈಟಿನವನಿಗೆ ಒಂದು ಕಾವಲೂ ಆಗಿದ್ದ, ಅವನ ಜಾಗಕ್ಕೆ ಯಾರೂ ಬರಲಿಲ್ಲ. ಡೈನಮೈಟ್ ಮತ್ತು ವಿಷ ಹಾಕುವುದು 1897ರ ಮೀನುಗಾರಿಕೆ ಕಾಯ್ದೆಯಿಂದಲೂ ಅಪರಾಧ ಎಂಬುದು ಬೇರೆ ಮಾತು. ಶೃಂಗೇರಿ, ಶಿಶಿಲ, ರಾಮನಾಥಪುರ, ತೀರ್ಥಹಳ್ಳಿ ಬಳಿಯ ಚಿಬ್ಬಲಗುಡ್ಡೆಯ ಮತ್ಸ್ಯಧಾಮಗಳಲ್ಲಿ ಮೀನು ಉಳಿದಿರುವುದು ದೇವರ ಹೆಸರಿನಲ್ಲಿ.

ಕೋವಿಯಿಂದ ಮೀನು ಹೊಡೆಯುವ ಚಟವೂ ಮೊದಲ ಮಳೆಗೆ ಹತ್ತುಮೀನು ಏರುವಾಗ ಕೆಲವರಿಗೆ ಬರುತ್ತದೆ. ನೀರಿನ ಮೇಲ್ಮೈಗೆ ಓರೆಯಾಗಿ ಬಿದ್ದ ಚರೆ ಕಲ್ಲಿಗೆ ಬಿದ್ದ ಹಾಗೆ ಪುಟಿಯುತ್ತದೆ, ಎದುರು ದಂಡೆಯಲ್ಲಿ ಕೂಳಿ ಇಡುತ್ತಿರುವವನ ಮುಖಕ್ಕೆ. ಮೇಲಾಗಿ ಏರುವ ಮೀನಿನ ಹೊಟ್ಟೆ ತುಂಬ ಮೊಟ್ಟೆ.

ರೀಲಿನ ಆರೈಕೆ ಕೋವಿಗಿಂತ ಸುಲಭ, ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಮಾಡಬಹುದು. ಹೊಳೆಯಿಂದ ಬಂದ ಮೇಲೆ ಜೋರು ನಲ್ಲಿಗೆ ಹಿಡಿಯಬಾರದು. ಮರಳು ಇನ್ನೂ ಒಳಗೆ ಹೋಗುತ್ತದೆ. ಒದ್ದೆಬಟ್ಟೆಯಲ್ಲಿ ಒರೆಸಿ, ನೆರಳಲ್ಲಿ ಒಣಗಿಸಿ, ಗೇರಿಗೆ ಗ್ರೀಸ್, ಹಿಡಿಕೆಯ ಬೇರಿಂಗಿಗೆ ಒಂದೇ ಹನಿ ತೆಳು ಎಣ್ಣೆ. ಡ್ರ್ಯಾಗ್ ತಿರುಪು ಪೂರ್ತಿ ಸಡಿಲ ಮಾಡಿ ಇಡಬೇಕು. ಬಿಗಿಯಾಗೇ ಬಿಟ್ಟರೆ ಒಳಗಿನ ವಾಷರು ಚಪ್ಪಟೆಯಾಗಿ, ದೊಡ್ಡ ಮೀನು ಎಳೆದಾಗ ದಾರ ಜರ್ಕಿನಲ್ಲಿ ಹೋಗಿ ತುಂಡಾಗುತ್ತದೆ. ನೈಲಾನ್ ದಾರ ಬಿಸಿಲಿಗೆ ಸಾಯುತ್ತದೆ, ಜೀಪಿನ ಡ್ಯಾಶ್‌ಬೋರ್ಡ್ ಮೇಲೆ ಇಡಬೇಡಿ. ಗಾಳ ಕಟ್ಟುವ ಮೊದಲು ಕೊನೆಯ ಎರಡು ಮೀಟರ್ ದಾರವನ್ನು ಉಗುರಿನ ನಡುವೆ ಎಳೆದು, ಗರಗರ ಅಂದರೆ ಅಷ್ಟನ್ನು ಕತ್ತರಿಸಿ, ಮನೆಗೆ ತಂದು ಕಸಕ್ಕೆ ಹಾಕಬೇಕು. ಹೊಳೆಯಲ್ಲಿ ಬಿಟ್ಟ ದಾರ ಬೆಳ್ಳಕ್ಕಿಯ ಕಾಲಿಗೆ, ಆಮೆಯ ಕುತ್ತಿಗೆಗೆ.

ಅವಲು, ಮುರುಗೋಡು ಸಿಕ್ಕರೆ ಸಾರಿಗೆ, ಅದರಲ್ಲಿ ತಪ್ಪೇನಿಲ್ಲ. ಮಹಶೀರ್ ಸಿಕ್ಕರೆ ಬಿಡುವ ತಯಾರಿ ಮೊದಲೇ ಇರಬೇಕು. ಮೂರು ಮುಳ್ಳಿನ ಗಾಳದ ಬದಲು ಒಂಟಿ ಗಾಳ, ಅದರ ಹಿಮ್ಮುಳ್ಳನ್ನು ಇಕ್ಕಳದಲ್ಲಿ ಒತ್ತಿ ಮಟ್ಟ ಮಾಡಿಡಬೇಕು. ಕೈ ಒದ್ದೆ ಮಾಡಿಕೊಂಡೇ ಮುಟ್ಟಿ, ಕಿವಿರಿಗೆ ಬೆರಳು ಹಾಕಿ ನೇತಾಡಿಸಬೇಡಿ. ಮೀನು ನೀರಲ್ಲೇ ಇರಲಿ, ಫೋಟೊಗೆ ನೀವು ಬಗ್ಗಿ. ರೆಕ್ಕೆ ಕಿತ್ತಳೆ ಬಣ್ಣದ್ದಾಗಿದ್ದರೆ ಜಾಗ, ದಿನಾಂಕ ಬರೆದಿಟ್ಟು ಮಹಶೀರ್ ಅಧ್ಯಯನ ಮಾಡುವವರಿಗೆ ತಿಳಿಸಿ, ಜಾಗದ ಹೆಸರನ್ನು ಫೇಸ್‌ಬುಕ್ಕಿಗೆ ಮಾತ್ರ ಹಾಕಬೇಡಿ. ಮುಖವನ್ನು ಹರಿವಿಗೆ ಎದುರಾಗಿ ಹಿಡಿದುಕೊಂಡಿರಿ. ಎರಡು ಮೂರು ನಿಮಿಷ ಬೇಕಾಗಬಹುದು. ಬಾಲ ಬಲವಾಗಿ ಒಮ್ಮೆ ಹೊಡೆದಾಗ ಕೈ ಬಿಟ್ಟರಾಯಿತು, ತಾನೇ ಹೋಗುತ್ತದೆ.